ದೊಡ್ಡಪ್ಪನ ಟ್ರಂಕು

ಕಳೆದ ದೀಪಾವಳಿಗೆ ಬಾಗಲವಾಡಕ್ಕೆ ಹೋಗಿದ್ದೆ. ದೊಡ್ಡವ್ವ ಒಳಗಿನ ಕೋಣೆಯ ಟ್ರಂಕು ತೋರಿಸಿ, "ತಮ್ಮಾ, ನೀ ಇಂಜಿನಿಯರ್ ಅದೀ. ಇದನ್ನ ಮಾರೂದೋ, ಇಟ್ಕೊಳ್ಳೂದೋ, ಯಾರಿಗರ ಕೊಟ್ಟುಬಿಡೂದೋ ನೀನ ಹೇಳು" ಅಂದಳು. ನಾನು ಸಾಫ್ಟ್‌ವೇರ್ ಇಂಜಿನಿಯರ್ ದೊಡ್ಡವ್ವ, ಇದೆಲ್ಲ ನನಗೇನು ಗೊತ್ತು ಅಂದ್ರೆ ಕೇಳಬೇಕಲ್ಲ!

ದೊಡ್ಡಪ್ಪ ವಾಯುಸೇನೆಯಲ್ಲಿ ಇನ್‌ಸ್ಟ್ರುಮೆಂಟ್ ಫಿಟ್ಟರ್ ಆಗಿದ್ದ. ಕೊನೆಯ ಕೆಲವು ವರ್ಷ ಬೀದರ್‌ನಲ್ಲಿದ್ದು ರಿಟೈರ್ ಆಗಿ ಊರಿಗೆ ಬಂದ. ಆಮೇಲೆ ಹೊಲ ನೋಡಿಕೊಂಡೇ ಆಗಾಗ ಹೈದರಾಬಾದಿನ ಗುಜರಿಗೆ ಹೋಗಿ ಹಳೇ ವಿಮಾನದ ಸಾಮಾನು ಹುಡುಕಿ ತರುತ್ತಿದ್ದ. ಟ್ರಂಕಿನಲ್ಲಿ ಏಳು ಸಾಮಾನು ಇವೆ. ಒಂದು ಆಲ್ಟಿಮೀಟರ್, ವೇಗ ತೋರಿಸುವ ಎರಡು ಡಯಲು, ಒಂದು ದಿಕ್ಸೂಚಿ, ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಒಂದು ಯಂತ್ರ, ಪೈಲಟ್ ಹಿಡಿಯುವ ಕೋಲಿನ ಹಿಡಿಕೆ, ಮತ್ತೆ ರಿವೆಟ್ ಹೊಡೆದ ಒಂದು ಅಲ್ಯೂಮಿನಿಯಂ ತಗಡು. ಎರಡು ವರ್ಷದ ಹಿಂದೆ ದೊಡ್ಡಪ್ಪ ತೀರಿಕೊಂಡ. ಅವತ್ತಿನಿಂದ ಟ್ರಂಕು ಯಾರೂ ತೆರೆದಿರಲಿಲ್ಲ.

ಇದರ ಜೊತೆಗೆ ಒಂದು ನೋಟ್‌ಬುಕ್ ಇತ್ತು. ಯಾವುದು ಎಲ್ಲಿ ಸಿಕ್ಕಿತು, ಯಾವ ವಿಮಾನದ್ದು, ಎಷ್ಟು ಕೊಟ್ಟೆ ಎಲ್ಲಾ ಬರೆದಿಡುತ್ತಿದ್ದ. ಸಣ್ಣವನಿದ್ದಾಗ ನಾನೇ ನೋಡಿದ್ದೇನೆ. ಮನೆಗೆ ಸುಣ್ಣ ಹೊಡೆಸುವಾಗ ನನ್ನ ತಮ್ಮ (ದೊಡ್ಡಪ್ಪನ ಮಗ) ಹಳೇ ಪೇಪರಿನ ಜೊತೆ ಅದನ್ನೂ ರದ್ದಿಗೆ ಹಾಕಿಬಿಟ್ಟಿದ್ದಾನೆ. ಟ್ರಂಕು ಮಾತ್ರ ಜೋಪಾನವಾಗಿದೆ!

ಆಲ್ಟಿಮೀಟರನ್ನು ಟವೆಲ್ಲಿನಲ್ಲಿ ಸುತ್ತಿ ಬೆಂಗಳೂರಿಗೆ ತಂದೆ. ಬಸ್ಸು ಹತ್ತುವ ಮುಂಚೆ ಮುಳ್ಳು ಎಲ್ಲಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಬೆಳಿಗ್ಗೆ ರೂಮಿನಲ್ಲಿ ಬಿಚ್ಚಿ ಗಾಜಿನ ಮೇಲೆ ಮೆಲ್ಲಗೆ ಬೆರಳಿಂದ ಕುಟ್ಟಿ ನೋಡಿದರೆ, ಮುಳ್ಳು ಸಾವಿರದ ಐನೂರು ಅಡಿಗಿಂತ ಜಾಸ್ತಿ ಮೇಲೆ ಹೋಗಿತ್ತು. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಬೆಂಗಳೂರು 900ರ ಮೇಲೆ. ಒಳಗಿರುವ ಗಾಳಿ ತೆಗೆದ ಸಣ್ಣ ಡಬ್ಬಿ ಹೊರಗಿನ ಒತ್ತಡ ಕಮ್ಮಿಯಾದ ಹಾಗೆ ಉಬ್ಬುತ್ತದೆ, ಅದು ಮುಳ್ಳನ್ನು ತಿರುಗಿಸುತ್ತದೆ, ಅಷ್ಟೇ. ಬ್ಯಾಟರಿ ಇಲ್ಲ, ಕರೆಂಟಿಲ್ಲ. ರಾತ್ರಿಯೆಲ್ಲ ನಾನು ನಿದ್ದೆ ಮಾಡುತ್ತಿದ್ದರೆ ಅದು ಟವೆಲ್ಲಿನೊಳಗೆ ತನ್ನ ಕೆಲಸ ತಾನು ಮಾಡುತ್ತಿತ್ತು. ಅಲ್ಲಿಯವರೆಗೂ ಮಾರಿದರಾಯ್ತು ಅಂದುಕೊಂಡಿದ್ದವನಿಗೆ ಮನಸ್ಸು ತಡೆಯಿತು.

ಆದರೂ ಬೆಲೆ ಕೇಳಿದೆ ಅನ್ನೋದನ್ನ ಮುಚ್ಚಿಡಲ್ಲ. ಇಂಥದ್ದನ್ನೇ ಸಂಗ್ರಹಿಸುವವರೊಬ್ಬರು ಏಳಕ್ಕೂ ಸೇರಿ ನಲವತ್ತು ಸಾವಿರ ಅಂದರು. ನಂಗೂ ಆಶ್ಚರ್ಯ ಆಯ್ತು. ಹಾಗೇ ಮಾತಾಡ್ತಾ, "ಯುದ್ಧದಲ್ಲಿ ಹಾರಿದ ವಿಮಾನದ್ದು ಅಂತ ಒಂದು ಕಾಗದದ ಮೇಲೆ ಬರೆದು ಸೈನ್ ಮಾಡಿಕೊಡಿ, ಇನ್ನೂ ಹತ್ತು ಸೇರಿಸ್ತೀನಿ" ಅಂದರು. ಯಾವ ವಿಮಾನದ್ದು ಅಂತಾನೇ ನನಗೆ ಗೊತ್ತಿಲ್ಲ ಸಾರ್ ಅಂದೆ. "ಗೊತ್ತಿಲ್ಲದ ಮೇಲೆ ಸುಳ್ಳು ಹೆಂಗಾಗುತ್ತೆ?" ಅಂತ ನಕ್ಕರು. ಹತ್ತು ಸಾವಿರ ಸಣ್ಣ ದುಡ್ಡಲ್ಲ. ದೊಡ್ಡವ್ವನ ಕಣ್ಣಿನ ಆಪರೇಶನ್ ಬೇರೆ ಬಾಕಿ ಇದೆ. ಎರಡು ದಿನ ಅದೇ ತಲೆಯಲ್ಲಿ ಓಡಿತು.

ಹೀಗೆ ಹುಡುಕಿ ಓದುತ್ತಿರುವಾಗ ಒಂದು ಕಥೆ ಸಿಕ್ಕಿತು. ನಮ್ಮ ರಾಯಚೂರು 1956ರವರೆಗೆ ಹೈದರಾಬಾದಿನ ಜೊತೆ ಇತ್ತಲ್ಲ. ಮೊದಲ ಮಹಾಯುದ್ಧದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರ 110ನೇ ಸ್ಕ್ವಾಡ್ರನ್‌ಗೆ ವಿಮಾನಗಳನ್ನೇ ಕೊಡಿಸಿದ್ದರು. ಡಿಎಚ್-9ಎ ಅಂತ, ಎರಡು ರೆಕ್ಕೆ ಸಾಲಿನ ಬಾಂಬರ್. ಪ್ರತಿಯೊಂದರ ಮೇಲೂ ನಿಜಾಮರ ಕೊಡುಗೆ ಅಂತ ಬರೆಸಿದ್ದರು. ಆ ದುಡ್ಡಿನಲ್ಲಿ ಬಾಗಲವಾಡದ ಜೋಳದ ಹೊಲದ ಕಂದಾಯವೂ ನಾಕಾಣೆ ಇತ್ತೋ ಏನೋ. ಅವುಗಳಲ್ಲಿ ಎಫ್ 1010 ಅನ್ನೋದು 1918ರ ಅಕ್ಟೋಬರ್ 5ರಂದು ಜರ್ಮನರ ಕೈಗೆ ಸಿಕ್ಕಿತು. ಅವರು ಬರ್ಲಿನ್ ಮ್ಯೂಸಿಯಂನಲ್ಲಿ ಇಟ್ಟರು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬೀಳತೊಡಗಿದಾಗ ಪೋಲೆಂಡಿಗೆ ಸಾಗಿಸಿದರು. ಕೊನೆಗೆ 1977ರಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಒಂದು ಸ್ಪಿಟ್‌ಫೈರ್ ಕೊಟ್ಟು ಇದನ್ನು ತಗೊಂಡಿತು. ಮಾರಾಟ ಅಲ್ಲ, ದಾನ ಅಲ್ಲ, ಅದಲುಬದಲು! ಅಷ್ಟರಲ್ಲಿ ರೆಕ್ಕೆ ಕಳೆದುಹೋಗಿದ್ದವು, ಹೊಸದಾಗಿ ಮಾಡಿಸಬೇಕಾಯಿತು. ಆದರೆ ಯಾವ ಸ್ಕ್ವಾಡ್ರನ್ನಿನದು, ಯಾವತ್ತು ಸಿಕ್ಕಿಬಿತ್ತು ಅನ್ನೋದು ಕಳೆದುಹೋಗಿರಲಿಲ್ಲ. ಆ ಗುರುತೂ ಇಲ್ಲದೆ ಇದ್ದಿದ್ದರೆ ರೆಕ್ಕೆಯಿಲ್ಲದ ಕಟ್ಟಿಗೆಗೆ ಯಾರು ಸ್ಪಿಟ್‌ಫೈರ್ ಕೊಡುತ್ತಿದ್ದರು?

ಇನ್ನೊಂದು ನಮ್ಮ ಕಾಲದ್ದೇ. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ 2011ರಲ್ಲಿ ಐರ್ಲೆಂಡಿನ ಗುಜರಿಯಿಂದ ಒಂದು ಡಕೋಟಾ ಕೊಂಡು, ಇಂಗ್ಲೆಂಡಿನಲ್ಲಿ ರಿಪೇರಿ ಮಾಡಿಸಿ, 2018ರಲ್ಲಿ ವಾಯುಸೇನೆಗೆ ಕೊಟ್ಟರು. ಅವರ ತಂದೆ ಡಕೋಟಾ ಪೈಲಟ್ ಆಗಿದ್ದವರು. ವಿಮಾನಕ್ಕೆ ಪರಶುರಾಮ ಅಂತ ಹೆಸರು, ಬಾಲದ ಮೇಲೆ ವಿಪಿ 905 ಅಂತ ನಂಬರು. ಆ ನಂಬರು 1947ರ ಅಕ್ಟೋಬರ್ 27ಕ್ಕೆ ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ್ದು. ಇದು ಆ ವಿಮಾನವಲ್ಲ, ಅದರ ನೆನಪಿಗೆ ಹಾಕಿದ ನಂಬರು. ನೆನಪಿಗೆ ಹಾಕಿದ್ದು ಅಂತ ಹೇಳಿ ಹಾಕೋದಕ್ಕೂ, ನನ್ನ ಹತ್ತಿರ ಸೈನ್ ಕೇಳಿದ್ದಕ್ಕೂ ಇರೋ ವ್ಯತ್ಯಾಸ ನೀವೇ ನೋಡಿ.

ಹಾಗಾದ್ರೆ ಮನೆಯಲ್ಲೇ ಇಟ್ಟುಕೊಂಡರಾಯ್ತಲ್ಲ ಅಂತೀರಾ? ಅದಕ್ಕೂ ಒಂದು ತೊಡಕಿದೆ. ಹಳೇ ಡಯಲುಗಳಲ್ಲಿ ಕತ್ತಲಲ್ಲಿ ಹೊಳೆಯಲಿ ಅಂತ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಕೆಲವೇ ವರ್ಷಕ್ಕೆ ಹೋಗುತ್ತೆ, ರೇಡಿಯಂ ಹೋಗಲ್ಲ. ಅರ್ಧಕ್ಕೆ ಇಳಿಯೋಕೇ 1600 ವರ್ಷ ಬೇಕು. ಗಾಜು ಗಟ್ಟಿಯಾಗಿದ್ದರೆ ಅಷ್ಟೇನೂ ಭಯವಿಲ್ಲ, ಒಡೆದು ಪುಡಿ ಮೂಗಿಗೆ, ಬಾಯಿಗೆ ಹೋದರೆ ಕಷ್ಟ. ದೊಡ್ಡವ್ವ ವೇಗದ ಡಯಲೊಂದನ್ನು ದೇವರ ಜಗಲಿ ಮೇಲೆ ಇಟ್ಟು ದಿನಾ ಕುಂಕುಮ ಹಚ್ಚುತ್ತಿದ್ದಳು. ಫೋನ್ ಮಾಡಿ, ಮೊದಲು ಅದನ್ನ ತಗದು ಟ್ರಂಕಿನ್ಯಾಗ ಇಡು, ಮೊಮ್ಮಕ್ಕಳ ಕೈಗೆ ಕೊಡಬ್ಯಾಡ ಅಂದೆ. "ನಿಮ್ಮ ದೊಡ್ಡಪ್ಪ ಮೂವತ್ತು ವರ್ಷ ಅವನ್ನ ಒರಸ್ಯಾನ, ಏನಾಗಿತ್ತವಗ?" ಅಂತ ಬೈದಳು. ಇಟ್ಟಳಂತೆ, ತಮ್ಮ ಹೇಳಿದ.

ನನ್ನ ಮನಸ್ಸು ಈಗ ಮ್ಯೂಸಿಯಂ ಕಡೆ ಇದೆ. ಬೆಂಗಳೂರಿನಲ್ಲೇ ಎಚ್‌ಎಎಲ್‌ನವರದ್ದು ಇದೆ, 2001ರಲ್ಲಿ ಶುರುವಾದದ್ದು. ಹಾಗಂತ ಚೀಲದಲ್ಲಿ ತುಂಬಿಕೊಂಡು ಹೋಗಿ ಬಾಗಿಲಲ್ಲಿ ಸುರಿದು ಬರೋಕಾಗಲ್ಲ. ಯಾವ ವಿಮಾನದ್ದು, ಎಲ್ಲಿಂದ ಬಂತು, ಗುಜರಿಯಲ್ಲಿ ಕೊಂಡದ್ದಕ್ಕೆ ಏನು ಆಧಾರ, ಯಾವ ಮ್ಯೂಸಿಯಂನವರಾದರೂ ಕೇಳೇ ಕೇಳ್ತಾರೆ, ಕೇಳಲೂಬೇಕು. ಉತ್ತರ ಇಲ್ಲದಿದ್ದರೆ ಗೋಡೌನಿನಲ್ಲಿ ಇನ್ನೊಂದು ಟ್ರಂಕು ಆಗುತ್ತೆ. ಕಾಯ್ದೆಯ ಆಸರೆ ಇದೆಯಾ ಅಂದ್ರೆ ಅದೂ ಇಲ್ಲ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಇಂಥ ವಸ್ತುವಿಗೆ ನೂರು ವರ್ಷ ತುಂಬಿರಬೇಕು. ಅಲ್ಲಿಯವರೆಗೆ ನಮ್ಮ ಟ್ರಂಕು ಬರೀ ಹಳೇ ಸಾಮಾನು.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋಗಿ ಎಲ್ಲದರ ಹಿಂದಿನ ಪಟ್ಟಿಯ ನಂಬರು ಬರೆದುಕೊಂಡೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ದೊಡ್ಡವ್ವ ಹಿಡಿಕೆಯನ್ನು ಕೈಗೆ ತಗೊಂಡು, "ಇದು ಬೀದರದಾಗ ಇವರು ಕೆಲಸ ಮಾಡಿದ್ರಲ್ಲ, ಕಿರಣ, ಅದರದು" ಅಂದಳು. ನಿನಗ್ಹೆಂಗ ಗೊತ್ತು ಅಂದೆ. "ನೂರಾ ಇಪ್ಪತ್ತು ರೂಪಾಯಿ ಕೊಟ್ಟು ತಂದಿದ್ರು. ಮನ್ಯಾಗ ಎಣ್ಣಿ ಇರಲಿಲ್ಲ. ಎರಡು ದಿನ ಮಾತಾಡಿಲ್ಲ ನಾ."

ನೋಟ್‌ಬುಕ್ಕಿನಲ್ಲಿದ್ದ ಲೆಕ್ಕ ದೊಡ್ಡವ್ವನ ತಲೆಯಲ್ಲಿ ಜಗಳದ ರೂಪದಲ್ಲಿ ಕೂತಿದೆ! ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವಳು ಹೇಳಿದ್ದು ಅಂತಲೇ ಬರೆಯುತ್ತೇನೆ, ನಂಬರು ತಾಳೆಯಾಗುತ್ತಾ ಅಂತ ಆಮೇಲೆ ನೋಡಬೇಕು. ಅವತ್ತು ಮೂರು ಸಾಮಾನಿನ ಜಗಳ ಮುಗಿದವು. ಅಷ್ಟರಲ್ಲಿ ಎಮ್ಮೆ ಹಿಂಡೋ ಹೊತ್ತಾಯ್ತು ಅಂತ ಎದ್ದು ಹೋದಳು. ಇನ್ನೂ ನಾಲ್ಕು ಬಾಕಿ ಇವೆ, ಮುಂದಿನ ಶನಿವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.