ಒಂಬತ್ತರಿಂದ ಶುರುವಾಗುವ ನಂಬರು

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಎಲ್ಲಿ ಹೋದರೂ ಎದುರಾಗುವ ಪ್ರಶ್ನೆ ಒಂದೇ: 'ಸೋಷಿಯಲ್ ಇದೆಯಾ?' ಸೋಷಿಯಲ್ ಅಂದರೆ ಸೋಷಿಯಲ್ ಸೆಕ್ಯುರಿಟಿ ನಂಬರ್. ಮೊಬೈಲ್ ಪ್ಲಾನ್, ಬಾಡಿಗೆ ಮನೆ, ಕ್ರೆಡಿಟ್ ಕಾರ್ಡ್, ಎಲ್ಲದಕ್ಕೂ ಮೊದಲು ಅದನ್ನೇ ಕೇಳ್ತಾರೆ. ನಮ್ಮ ಆಧಾರ್, ಪ್ಯಾನ್, ಸಿಬಿಲ್ ಸ್ಕೋರ್ ಮೂರನ್ನೂ ಒಟ್ಟಿಗೆ ಕಲಸಿ ಒಂದೇ ಉಂಡೆ ಕಟ್ಟಿದ ಹಾಗೆ. ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಬಂದವರಿಗೆ ಇದು ಸಿಗುತ್ತೆ. ಅವರ ಜೊತೆ ಎಚ್-4 ವೀಸಾದಲ್ಲಿ ಬರುವ ಹೆಂಡತಿಗೋ ಗಂಡನಿಗೋ ಸಿಗಲ್ಲ. ಕೆಲಸ ಮಾಡುವ ಹಾಗಿಲ್ಲ, ಹಾಗಾಗಿ ನಂಬರೂ ಇಲ್ಲ.

ನಾನು 2023ರ ಜನವರಿಯಲ್ಲಿ ಹೀಗೆ ಬಂದವಳು. ಬೆಂಗಳೂರಿನಲ್ಲಿ ಐದು ವರ್ಷ ಕೋಡ್ ಬರೆದಿದ್ದೆ. ಪ್ರತಿ ಜುಲೈನಲ್ಲಿ ಫಾರ್ಮ್ 16 ಪಕ್ಕದಲ್ಲಿಟ್ಟುಕೊಂಡು ನನ್ನ ರಿಟರ್ನ್ ನಾನೇ ಫೈಲ್ ಮಾಡ್ತಿದ್ದೆ. ಇಲ್ಲಿಗೆ ಬಂದ ಮೇಲೆ ನನ್ನ ಹೆಸರಿನ ಮುಂದೆ 'ಡಿಪೆಂಡೆಂಟ್' ಅನ್ನೋ ಪದ ಸೇರ್ಕೊಂಡಿತು. ಡೇಟಾಬೇಸ್ ಗೊತ್ತಿರೋರಿಗೆ ಅರ್ಥ ಆಗುತ್ತೆ: ಊರಲ್ಲಿ ನಾನೇ ಒಂದು ಪ್ರೈಮರಿ ಕೀ ಆಗಿದ್ದೆ, ಇಲ್ಲಿ ಗಂಡನ ಸಾಲಿಗೆ ಅಂಟಿಕೊಂಡ ಫಾರಿನ್ ಕೀ ಆದೆ. ಹೆಸರೂ ಸರಿಯಾಗೇ ಹೊಂದಿತು.

ಮುಂದಿನ ವರ್ಷ ತೆರಿಗೆ ಸೀಸನ್ ಬಂದಾಗ ಒಂದು ವಿಚಿತ್ರ ಗೊತ್ತಾಯ್ತು. ಕೆಲಸಕ್ಕೆ ಬೇಡವಾದ ನಾನು ತೆರಿಗೆಗೆ ಮಾತ್ರ ಬೇಕು! ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಇಲ್ಲೇ ಇದ್ದದ್ದರಿಂದ ಇವರ ತೆರಿಗೆ ಲೆಕ್ಕದಲ್ಲಿ ನಾನು 'ರೆಸಿಡೆಂಟ್'. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕಿದರೆ 2023ರ ಸ್ಟ್ಯಾಂಡರ್ಡ್ ಡಿಡಕ್ಷನ್ 27,700 ಡಾಲರ್. ಮದುವೆಯಾದವರು ಬೇರೆ ಬೇರೆಯಾಗಿ ಹಾಕಿದರೆ ತಲಾ 13,850. ಒಬ್ಬರ ಸಂಬಳದಲ್ಲಿ ನಡೆಯುವ ಮನೆಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಆದರೆ ಜಂಟಿ ಅಂದರೆ ನನಗೂ ಒಂದು ನಂಬರ್ ಬೇಕು. ಸೋಷಿಯಲ್ ಸಿಗದವರಿಗಾಗಿಯೇ ತೆರಿಗೆ ಇಲಾಖೆ 1996ರಿಂದ ಕೊಡ್ತಿರೋ ನಂಬರ್ ಅದು. ಇಂಡಿವಿಜುವಲ್ ಟ್ಯಾಕ್ಸ್‌ಪೇಯರ್ ಐಡೆಂಟಿಫಿಕೇಷನ್ ನಂಬರ್. ಎಲ್ಲರೂ ಕರೆಯೋದು ಐಟಿನ್ ಅಂತ. ನೋಡೋಕೆ ಸೋಷಿಯಲ್ ತರಹವೇ ಒಂಬತ್ತು ಅಂಕಿ, ಆದರೆ ಯಾವಾಗಲೂ 9ರಿಂದ ಶುರು. ಗೊತ್ತಿದ್ದವರು ಮೊದಲ ಅಂಕಿ ನೋಡಿದರೆ ಸಾಕು, ಇದು ಯಾವ ನಂಬರ್ ಅಂತ ತಿಳಿಯುತ್ತೆ.

ಇದಕ್ಕೆ ಡಬ್ಲ್ಯೂ-7 ಅನ್ನೋ ಅರ್ಜಿ. ಅದನ್ನು ರಿಟರ್ನ್ ಜೊತೆಗೇ ಸೇರಿಸಿ ಕಾಗದದಲ್ಲಿ ಕಳಿಸಬೇಕು. ರಿಟರ್ನ್‌ನಲ್ಲಿ ನನ್ನ ನಂಬರ್ ಇರಬೇಕಾದ ಜಾಗ ಖಾಲಿ ಬಿಡಬೇಕು ಅಂತ ಸೂಚನೆ. ಗಂಡನ ಹೆಸರಿನ ಪಕ್ಕ ಒಂಬತ್ತು ಅಂಕಿ, ನನ್ನ ಹೆಸರಿನ ಪಕ್ಕ ಬಿಳಿ ಡಬ್ಬಿ. ಅದರ ಜೊತೆ ಮೂಲ ಪಾಸ್‌ಪೋರ್ಟ್ ಅಥವಾ ಅದನ್ನು ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ ಬೇಕು. ನೋಟರಿ ಸಹಿ ನಡೆಯಲ್ಲ.

ಈ ನಂಬರ್ ಏನು ಕೊಡಲ್ಲ ಅನ್ನೋದೂ ಅರ್ಜಿಯ ಸೂಚನೆಯಲ್ಲೇ ಇದೆ. ಕೆಲಸ ಮಾಡುವ ಹಕ್ಕು ಕೊಡಲ್ಲ, ವೀಸಾ ಸ್ಥಿತಿ ಬದಲಾಯಿಸಲ್ಲ, ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ಬರಲ್ಲ. ಫೋನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯಾಕ್ಸ್ ಕಟ್ಟೋಕೆ ನಂಬರ್ ಕೊಡ್ತಾರೆ, ದುಡಿಯೋಕೆ ಕೊಡಲ್ವಾ? ಇದ್ಯಾವ ಸೀಮೆ ಲೆಕ್ಕನಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪನಿಗೂ ಇದರಲ್ಲಿ ಕೆಲಸ ಬಿತ್ತು. ಇಲ್ಲಿ ರೆಸಿಡೆಂಟ್ ಆದರೆ ಪ್ರಪಂಚದ ಎಲ್ಲಿ ಆದಾಯ ಬಂದರೂ ತೋರಿಸಬೇಕು. ನನ್ನ ಬೆಂಗಳೂರಿನ ಉಳಿತಾಯ ಎಫ್‌ಡಿಯಲ್ಲಿತ್ತು, ಅದರ ಬಡ್ಡಿ ಲೆಕ್ಕಕ್ಕೆ ಬಂತು. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಇವರದು ಜನವರಿಯಿಂದ ಡಿಸೆಂಬರ್. ಒಂದು ವರ್ಷದ ಬಾಲ, ಇನ್ನೊಂದು ವರ್ಷದ ತಲೆ ಸೇರಿಸಿ ಲೆಕ್ಕ ಹಾಕಬೇಕು. ಅಪ್ಪ ಎರಡು ಸಲ ಬ್ಯಾಂಕಿಗೆ ಹೋಗಿ ಬಡ್ಡಿ ಸರ್ಟಿಫಿಕೇಟ್ ತಂದು ವಾಟ್ಸಾಪ್ ಮಾಡಿದರು. ಆ ಹಾಳೆ ನೋಡಿದಾಗ ಖುಷಿಯೇ ಆಯ್ತು ಅಂದರೆ ನಂಬ್ತೀರಾ? ಈ ರಿಟರ್ನ್‌ನಲ್ಲಿ ನಾನು ದುಡಿದ ದುಡ್ಡಿನದ್ದೂ ಒಂದು ಸಾಲು ಇರುತ್ತೆ ಅಂತ.

ಎರಡನೇ ಪುಟದ ಕೊನೆಯಲ್ಲಿ ಇಬ್ಬರ ಸಹಿ, ಪಕ್ಕದಲ್ಲಿ ಇಬ್ಬರ ಉದ್ಯೋಗ. ಗಂಡ ಟೈಪ್ ಮಾಡ್ತಾ ನನ್ನ ಕಡೆ ತಿರುಗಿದ. "ಆಕ್ಯುಪೇಷನ್ ಅಂತಿದೆ. ಹೋಮ್‌ಮೇಕರ್ ಅಂತ ಹಾಕ್ಲಾ?"

"ಹಾಕು" ಅಂದೆ. ಮನೆಗೆಲಸ ನನಗೆ ಕೀಳಲ್ಲ, ನಮ್ಮಮ್ಮ ಜೀವನಪೂರ್ತಿ ಮಾಡಿದ್ದು ಅದೇ. ಆದರೆ ಅವತ್ತು ಆ ಪದವನ್ನ ನಾನು ಆರಿಸಿಕೊಂಡಿರಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಪಾಸ್‌ಪೋರ್ಟ್ ಅಂಚೆಯಲ್ಲಿ ಕಳಿಸೋಕೆ ಮನಸ್ಸಾಗಲಿಲ್ಲ. ಪರದೇಶದಲ್ಲಿ ಅದೊಂದೇ ಅಲ್ಲವೇ ನಮ್ಮ ಗುರುತು? ತೆರಿಗೆ ಇಲಾಖೆಯ ಕೆಲವು ನೆರವು ಕೇಂದ್ರಗಳಲ್ಲಿ ಮೊದಲೇ ಫೋನ್ ಮಾಡಿ ಸಮಯ ತಗೊಂಡರೆ, ಎದುರಿಗೇ ಪರಿಶೀಲಿಸಿ ಅಲ್ಲೇ ವಾಪಸ್ ಕೊಡ್ತಾರೆ. ಅಲ್ಲಿಗೆ ಹೋದೆವು. ಕಾಯುವ ಜಾಗದಲ್ಲಿ ನನ್ನ ಪಕ್ಕ ಗ್ವಾಟೆಮಾಲಾದ ಒಬ್ಬರು ಕೂತಿದ್ದರು. ಮನೆಗಳ ಚಾವಣಿ ಹಾಕುವ ಕೆಲಸ. ಮಾತು ತರ್ಜುಮೆ ಮಾಡೋಕೆ ಹತ್ತೋ ಹನ್ನೊಂದೋ ವರ್ಷದ ಮಗಳು. ಹೆಂಡತಿಗೆ ಐಟಿನ್ ಮಾಡಿಸೋಕೆ ಬಂದಿದ್ದರು. ಅವರಿಗೆ ಆಗಲೇ ಇತ್ತು. ತೊಡೆಯ ಮೇಲೆ ಒಂದು ದಪ್ಪ ಫೈಲು, ಒಳಗೆ ಹನ್ನೊಂದು ವರ್ಷದ ರಿಟರ್ನ್‌ಗಳು, ವರ್ಷವಾರು ಜೋಡಿಸಿದ್ದು.

ಅವರ ವೀಸಾ ಕಥೆ ನಾನು ಕೇಳಲಿಲ್ಲ. ಎಲ್ಲಾ ಯಾಕೆ ಇಟ್ಕೊಂಡಿದ್ದೀರಿ ಅಂತ ಮಾತ್ರ ಕೇಳಿದೆ. ಮಗಳು ಅಪ್ಪನ ಮಾತು ಕೇಳಿ ಹೇಳಿದಳು: "ಯಾವತ್ತಾದರೂ ಯಾರಾದರೂ ನೀನು ಇಷ್ಟು ವರ್ಷ ಇಲ್ಲಿ ಏನು ಮಾಡಿದೆ ಅಂತ ಕೇಳಿದರೆ ತೋರಿಸೋಕೆ ಅಂತೆ."

ಆಮೇಲೆ ನಾನು ಒಂದಷ್ಟು ಓದಿದೆ. ದಾಖಲೆ ಇಲ್ಲದ ವಲಸಿಗರು 2022ರಲ್ಲಿ ಒಟ್ಟು 9,670 ಕೋಟಿ ಡಾಲರ್ ತೆರಿಗೆ ಕಟ್ಟಿದ್ದಾರೆ ಅಂತ ಇನ್‌ಸ್ಟಿಟ್ಯೂಟ್ ಆನ್ ಟ್ಯಾಕ್ಸೇಷನ್ ಅಂಡ್ ಎಕನಾಮಿಕ್ ಪಾಲಿಸಿ ಅಂದಾಜು ಮಾಡಿದೆ. ಕಟ್ಟುವಾಗ ಲೆಕ್ಕಕ್ಕೆ ಬರುವವರು ಪಡೆಯುವಾಗ ಬರಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಪರಿಹಾರ ಅಂತ ತಲಾ 1,200 ಡಾಲರ್‌ವರೆಗೆ ಕೊಡುವ ಕಾನೂನು ಬಂತು. ಜಂಟಿ ರಿಟರ್ನ್‌ನಲ್ಲಿ ಒಬ್ಬರದ್ದು ಐಟಿನ್ ಆಗಿದ್ದರೆ, ಸೈನಿಕರ ಕುಟುಂಬ ಬಿಟ್ಟು ಉಳಿದವರಲ್ಲಿ ಸೋಷಿಯಲ್ ಇದ್ದ ಇನ್ನೊಬ್ಬರಿಗೂ ದುಡ್ಡಿಲ್ಲ. ಆ ಡಿಸೆಂಬರ್‌ನಲ್ಲಿ ಕಾನೂನು ತಿದ್ದಿ, ಸೋಷಿಯಲ್ ಇದ್ದವರ ಪಾಲು ಕೊಡುವಂತೆ ಮಾಡಿದರು. ಐಟಿನ್‌ನವರ ಪಾಲು ಬರಲೇ ಇಲ್ಲ.

2025ರ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ ಓದಿದಾಗ ಆ ಫೈಲು ಕಣ್ಣ ಮುಂದೆ ಬಂತು. ಗಡಿಪಾರಿಗೆ ಗುರುತಿಸಿದ ಕೆಲವರ ಮಾಹಿತಿಯನ್ನು ತೆರಿಗೆ ಇಲಾಖೆಯಿಂದ ವಲಸೆ ಅಧಿಕಾರಿಗಳಿಗೆ ಕೊಡುವ ಒಪ್ಪಂದ ಆಗಿತ್ತು. ವಿಷಯ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ನಿಯತ್ತಾಗಿ ಬರೆದುಕೊಟ್ಟ ವಿಳಾಸವೇ ಭಯ ಆಗೋದು ಅಂದರೆ ಹೇಗಿರುತ್ತೆ? ನನ್ನ ಬೇಜಾರು ಒಂದು ಡಬ್ಬಿಯಲ್ಲಿ ಬರೆದ ಪದದ ಬಗ್ಗೆ. ಅವರದ್ದು ಮಗಳು ಶಾಲೆಯಿಂದ ಬಂದಾಗ ಅಪ್ಪ ಮನೆಯಲ್ಲಿರ್ತಾರಾ ಅನ್ನೋದರ ಬಗ್ಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ಆಗಲ್ಲ.

ನನಗೆ ಐಟಿನ್ ಬಂದಾಗ ಕಾರ್ಡ್ ಏನೂ ಬರಲಿಲ್ಲ, ಬರೀ ಒಂದು ಪತ್ರ. ಅಮ್ಮ, "ಅಂತೂ ಅಲ್ಲೂ ಆಧಾರ್ ಕಾರ್ಡ್ ಸಿಕ್ತಾ?" ಅಂತ ಕೇಳಿದರು. "ಅರ್ಧ ಸಿಕ್ತು ಅಮ್ಮ" ಅಂದೆ.

ಉಳಿದರ್ಧ 2025ರಲ್ಲಿ ಸಿಕ್ಕಿತು. ಗ್ರೀನ್ ಕಾರ್ಡ್ ಹಾದಿಯಲ್ಲಿ ಐ-140 ಒಪ್ಪಿಗೆ ಆದವರ ಎಚ್-4 ಸಂಗಾತಿಗೆ 2015ರಿಂದ ಕೆಲಸದ ಪರವಾನಗಿ ಕೊಡ್ತಾರೆ. ಅದರ ಮೇಲೆ ನನಗೂ ಸೋಷಿಯಲ್ ಬಂತು, ಆಮೇಲೆ ಕೆಲಸವೂ ಸಿಕ್ಕಿತು. ಸೋಷಿಯಲ್ ಬಂದ ಮೇಲೆ ಐಟಿನ್ ಬಳಸಬಾರದು. ಎರಡೂ ನಂಬರ್ ಬರೆದು, ಹಳೆಯ ದಾಖಲೆ ಹೊಸದಕ್ಕೆ ಸೇರಿಸಿ ಅಂತ ತೆರಿಗೆ ಇಲಾಖೆಗೆ ಪತ್ರ ಹಾಕಬೇಕು. ಹಾಕಿದೆ.

ಮದುವೆಯಾಗಿ ಇಲ್ಲಿಗೆ ಬರ್ತಿರೋ ತಂಗಿಯರು, ಗೆಳತಿಯರು ಈಗ ನನಗೆ ಫೋನ್ ಮಾಡಿ ಕೇಳ್ತಾರೆ. ಅಪ್ಪನ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಇವರಿಗೆ ಒಂದು ಮಾತು ಹೇಳ್ತೀನಿ. ಜಂಟಿ ರಿಟರ್ನ್‌ಗೆ ಸಹಿ ಹಾಕಿದರೆ ಅದರಲ್ಲಿರೋ ಪ್ರತಿ ಅಂಕಿಗೂ, ಬಾಕಿ ತೆರಿಗೆಗೂ ನೀವೂ ಪೂರ್ತಿ ಜವಾಬ್ದಾರರು. ಸಂಬಳ ಬರಲಿ, ಬಿಡಲಿ. ವೀಸಾದಲ್ಲಿ ಡಿಪೆಂಡೆಂಟ್ ಅಂತ ಇರಬಹುದು, ಸಹಿಯ ಜಾಗದಲ್ಲಿ ನೀವು ಡಿಪೆಂಡೆಂಟ್ ಅಲ್ಲ. 'ಅವರು ನೋಡ್ಕೋತಾರೆ' ಅಂತ ಪೆನ್ನು ಹಿಡೀಬೇಡಿ. ಎರಡು ಪುಟ ಓದಿ. ಗೊತ್ತಾಗದ ಸಾಲಿನ ಮೇಲೆ ಬೆರಳಿಟ್ಟು ಕೇಳಿ. ಊರಿನ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದ್ದರೆ ಎಫ್‌ಬಾರ್ ಅನ್ನೋ ವರದಿಯನ್ನೂ ಬೇರೆಯಾಗಿ ಕೊಡಬೇಕು, ಅದನ್ನ ನೆನಪಿಸಿ.

ಎಲ್ಲ ಮುಗಿದ ಮೇಲೆ ಒಂದು ಪ್ರತಿ ನಿಮ್ಮದೇ ಫೈಲಿನಲ್ಲಿ ಇಟ್ಕೊಳ್ಳಿ, ವರ್ಷವಾರು. ನನ್ನದರಲ್ಲಿ ಸದ್ಯಕ್ಕೆ ಮೂರಿವೆ.