ಬಣ್ಣವಲ್ಲದ ಬಣ್ಣ

ಅಲ್ಯುಮಿನಿಯಂ ಬೋಗುಣಿಯನ್ನು ಸೋಡಾಪುಡಿಯಿಂದ ತಿಕ್ಕಿದರೆ ಕಪ್ಪಾಗುತ್ತದೆ, ಹುಣಸೆಹಣ್ಣಿನ ಹುಳಿನೀರು ಹಾಕಿ ಕುದಿಸಿದರೆ ಮತ್ತೆ ಬೆಳ್ಳಗಾಗುತ್ತದೆ. ಇದು ನಮಗೆ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟದ್ದಲ್ಲ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನಮಗೆ ಪಾತ್ರೆ ತಿಕ್ಕುವ ಜಾಗದಲ್ಲೇ ದಾಟಿಬಂದ ವಿದ್ಯೆ. ಹಾಗೆ ಯಾಕಾಗುತ್ತದೆ ಎಂದು ನಾವು ಕೇಳಲಿಲ್ಲ. ಕೇಳಿದ್ದರೆ, “ತಿಕ್ಕೂದು ಬಿಟ್ಟು ಇದೇನ ಪಂಚಾಯ್ತಿ?” ಎನ್ನುತ್ತಿದ್ದರು. ನಾನು ಬಿ.ಎ., ಬಿ.ಎಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಹೇಳುತ್ತ ಬಂದವಳು. ವಿಜ್ಞಾನದ ಪೀರಿಯಡ್ಡು ಯಾವಾಗಲೂ ಪಕ್ಕದ ಕೋಣೆಯಲ್ಲೇ ನಡೆಯಿತು. ಆ ‘ಯಾಕೆ’ಗೆ ಉತ್ತರ ನನಗೆ ಸಿಕ್ಕದ್ದು ನನ್ನ ಸೊಸೆಯ ಸೈಕಲ್ಲಿನಿಂದ.

ಸೊಸೆಯದೇನು, ಅದು ಅವಳ ತಂದೆಯ ಸೈಕಲ್ಲು. ನಮ್ಮ ಬೀಗರು ನೌಕರಿಯಿಂದ ನಿವೃತ್ತರಾದ ಮೇಲೆ, ಸಕ್ಕರೆ ಕಾಯಿಲೆಗೆ ಔಷಧಿಯೆಂದು ಒಂದು ಗೇರಿನ ಸೈಕಲ್ಲು ಕೊಂಡಿದ್ದರು. ಧಾರವಾಡದ ಏರು ಇಳಿವುಗಳನ್ನು ಬಲ್ಲವರಿಗೆ ಗೇರು ಯಾಕೆಂದು ಹೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ ಕೆಲಗೇರಿ ಕೆರೆಯವರೆಗೆ ಹೋಗಿ ಬರುವರು. 2021ರ ಮೇ ತಿಂಗಳಲ್ಲಿ, ಪ್ರತಿ ಓಣಿಯಿಂದಲೂ ಯಾರಾದರೊಬ್ಬರು ಹೋಗುತ್ತಿದ್ದ ಆ ದಿನಗಳಲ್ಲಿ, ಅವರೂ ಹೋದರು. ಮಗಳಿಗೆ ಮುಖ ಕೂಡ ಸರಿಯಾಗಿ ನೋಡಲು ಸಿಗಲಿಲ್ಲ. ವರ್ಷ ಕಳೆದ ಮೇಲೆ ಅವಳು ತವರಿನಿಂದ ಈ ಸೈಕಲ್ಲೊಂದನ್ನು ತಂದಳು. “ಹೋದವರ ಗಾಡಿ ಮನೀಗೆ ಯಾಕ ತಂದ್ರಿ?” ಎಂದು ನಮ್ಮ ಕಡೆಯವರೊಬ್ಬರು ಎಂದರು. ನಾನು ಚಹಾ ತರಲು ಎದ್ದು ಹೋದೆ. ಕೆಲವು ಪ್ರಶ್ನೆಗಳಿಗೆ ಚಹಾವೇ ಉತ್ತರ.

ಎರಡು ವರ್ಷ ಅದು ಹಿತ್ತಲಿನಲ್ಲಿ ತಾಡಪತ್ರಿಯ ಕೆಳಗೆ ನಿಂತಿತು. ತಾಡಪತ್ರಿ ಮುಚ್ಚಿದ್ದು ಅರ್ಧ, ಬಿಸಿಲು ಕಂಡದ್ದು ಅರ್ಧ. ಹ್ಯಾಂಡಲ್ಲನ್ನು ಹಿಡಿದಿರುವ ಗಿಡ್ಡ ಕುತ್ತಿಗೆ (ಅದಕ್ಕೆ ಸ್ಟೆಮ್ ಎನ್ನುತ್ತಾರಂತೆ), ಸೀಟಿನ ಕಂಬ, ಅದನ್ನು ಬಿಗಿಯುವ ಪಟ್ಟಿ, ನೀರಿನ ಬಾಟ್ಲಿ ಸಿಕ್ಕಿಸುವ ಗೂಡು, ಇವೆಲ್ಲ ಮೊದಲು ದಾಸವಾಳದಂಥ ಕೆಂಪು. ಈಗ ಬಿಸಿಲು ಬಿದ್ದಲ್ಲಿ ಹಳೆಯ ಸೀರೆಯ ಸೆರಗಿನಂತೆ ಮಾಸಿದ ಗುಲಾಬಿ.

ಒಂದು ರವಿವಾರ ಸೊಸೆ ತಾಡಪತ್ರಿ ತೆಗೆದಳು. “ಅತ್ತೀ, ನಾ ಇನ್ನ ಆಫೀಸಿಗೆ ಸೈಕಲ್ ಮ್ಯಾಲೇ ಹೋಗಾಕಿ. ಈ ಕೆಂಪು ಅಷ್ಟ ತೆಗೀಬೇಕರಿ” ಎಂದಳು.

“ಥಿನ್ನರ್ ಹಚ್ಚಿ ಒರಸು, ಹೋಗ್ತದ.”

“ಹೋಗೂದಿಲ್ಲರಿ. ಇದು ಬಣ್ಣ ಅಲ್ಲ. ಅಲ್ಯುಮಿನಿಯಂನ ಚರ್ಮಾನೇ ಇದು.”

ನೋಡಿ, ಇಲ್ಲಿಂದ ನನ್ನ ಪಾಠ ಶುರುವಾಯಿತು. ಅಲ್ಯುಮಿನಿಯಂ ಗಾಳಿಗೆ ಒಡ್ಡಿಕೊಂಡ ಕ್ಷಣವೇ ತನ್ನ ಮೈಮೇಲೆ ತಾನೇ ಒಂದು ತೆಳು ಪೊರೆ ಹೊದೆದುಕೊಳ್ಳುತ್ತದೆ, ಆಕ್ಸೈಡಿನ ಪೊರೆ. ಕಬ್ಬಿಣದ ತುಕ್ಕು ಉದುರುತ್ತ ಹೋಗಿ ಕಬ್ಬಿಣವನ್ನೇ ತಿನ್ನುತ್ತದೆ. ಅಲ್ಯುಮಿನಿಯಂನ ಈ ತುಕ್ಕು ಗಟ್ಟಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಆ ಪೊರೆಯನ್ನೇ ಬೇಕೆಂದು ದಪ್ಪಗೆ ಬೆಳೆಸುವುದು ಅನೊಡೈಸಿಂಗ್. ಸಾಮಾನನ್ನು ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಪೊರೆ 5ರಿಂದ 25 ಮೈಕ್ರಾನಿನವರೆಗೆ ಬೆಳೆಯುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವೆಂದರೆ ಲೆಕ್ಕ ಹಾಕಿಕೊಳ್ಳಿ. ಹೊಸ ಪೊರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವು ರಂಗನ್ನು ಹೀರಿಕೊಂಡ ಮೇಲೆ ಕುದಿನೀರಿನಲ್ಲಿ ಅದ್ದಿದರೆ ರಂಧ್ರಗಳ ಬಾಯಿ ಮುಚ್ಚಿ ರಂಗು ಒಳಗೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 1923ರಲ್ಲಿ ಬೆಂಗೋ ಮತ್ತು ಸ್ಟುವರ್ಟ್ ಎಂಬಿಬ್ಬರು ಕ್ರೋಮಿಕ್ ಆಮ್ಲದಿಂದ ಇದನ್ನು ಮೊದಲು ಮಾಡಿದ್ದು, ಉಪ್ಪುನೀರಿನ ಮೇಲೆ ಇಳಿಯುವ ಸಮುದ್ರವಿಮಾನಗಳ ಭಾಗಗಳನ್ನು ಕಾಯಲಿಕ್ಕೆ. ಅಲ್ಲಿಂದ ಅದು ಸೈಕಲ್ಲಿಗೂ ಬಂತು, ನಮ್ಮ ಅಡಿಗೆಮನೆಗೂ ಬಂತು. ಕಪ್ಪು ಹಾರ್ಡ್ ಅನೊಡೈಸ್ಡ್ ಕುಕ್ಕರು ಇದೆಯಲ್ಲ, ಅದೂ ಹೀಗೇ ಇನ್ನಷ್ಟು ದಪ್ಪಗೆ ಬೆಳೆಸಿದ ಪೊರೆ. ಖಾರವಾದ ಸೋಡಾದಲ್ಲಿ ಅದನ್ನು ತೊಳೆಯಬೇಡಿ ಎನ್ನುವುದು ಇದಕ್ಕೇ. ಸೋಡಾ ಪೊರೆಯನ್ನು ತಿನ್ನುತ್ತದೆ. ನಮ್ಮವ್ವನ ಬೋಗುಣಿ ಕಪ್ಪಾಗುತ್ತಿದ್ದ ಗುಟ್ಟೂ ಇದೇ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಆಕ್ಸೈಡು ಬೇರೇನಲ್ಲ, ಮಾಣಿಕ್ಯದ ದ್ರವ್ಯವೇ. ಅದೇ ಆಕ್ಸೈಡು ಹರಳುಗಟ್ಟಿ, ಒಳಗೆ ಚೂರು ಕ್ರೋಮಿಯಂ ಸೇರಿದರೆ ಮಾಣಿಕ್ಯ. ಕಬ್ಬಿಣ, ಟೈಟಾನಿಯಂ ಸೇರಿದರೆ ನೀಲ. ಎಮರಿ ಕಾಗದದ ಮೇಲಿನ ಕಾಳೂ ಅದೇ. ಹಾಗಾಗಿ ಬರೀ ಎಮರಿ ಕಾಗದದಿಂದ ಈ ಕೆಂಪನ್ನು ತೆಗೆಯಲು ಕೂತರೆ ಕಲ್ಲಿನಿಂದ ಕಲ್ಲು ಅರೆದಂತೆ. ಸೊಸೆ ಒಂದು ತಾಸು ಉಜ್ಜಿ ನೋಡಿದಳು. ಹೋದದ್ದು ಬಳೆಯಗಲದಷ್ಟು ಜಾಗದ ಕೆಂಪು, ಮತ್ತು ಅವಳ ಉಗುರುಗಳು.

ಉಳಿದ ದಾರಿ ಒಂದೇ: ಕಾಸ್ಟಿಕ್ ಸೋಡಾ.

ಆ ಹೆಸರು ಕೇಳಿದರೆ ನನ್ನ ಹೊಟ್ಟೆಯಲ್ಲಿ ಏನೋ ತಿರುವಿದಂತಾಗುತ್ತದೆ. ನಾನು ಸಣ್ಣವಳಿದ್ದಾಗ ಬಟ್ಟೆ ಒಗೆಯುವ ಸಾಬೂನನ್ನು ಮನೆಯಲ್ಲೇ ಮಾಡುತ್ತಿದ್ದರು. ಒಂದು ಸಲ ನನ್ನ ಚಿಗವ್ವ ಸೋಡಾದ ಬಿಲ್ಲೆಗಳನ್ನು ಬಾಂಡಿಯಲ್ಲಿ ಹಾಕಿ, ಮೇಲೆ ನೀರು ಸುರಿದಳು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹಾಕಬಾರದು. ಹಾಗೆ ಹಾಕಿದರೆ ಕಾವು ಒಂದೇ ಕಡೆ ಎದ್ದು ಸಿಡಿಯುತ್ತದೆ. ಸಿಡಿದದ್ದು ಅವಳ ಎಡಗಣ್ಣಿಗೆ. ಆ ಗಡಿಬಿಡಿಯಲ್ಲಿ ಯಾರೋ ಬೆಣ್ಣೆ ಹಚ್ಚಿದರು, ಯಾರೋ ಲಿಂಬಿಹುಳಿ ಹಿಂಡಲು ಹೇಳಿದರು. ನೀರು ಸುರಿಯುತ್ತಲೇ ಇರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಕಣ್ಣು ಹೋಯಿತು. ಚಿಗವ್ವ ಮುಂದೆ ಮೂವತ್ತು ವರ್ಷ ಬದುಕಿದಳು, ಒಂದೇ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಬೇಡವೆನ್ನಲು ನನಗೆ ಅಧಿಕಾರವಿತ್ತು. ಅತ್ತೆಗೆ ಇರುವುದೇ ಅದೊಂದು. ಆದರೆ ಇಪ್ಪತ್ತೆಂಟು ವರ್ಷದ, ಸ್ವಂತ ದುಡಿಯುವ ಹುಡುಗಿ, ತನ್ನ ತಂದೆಯ ಸೈಕಲ್ಲು. ನಾನು ಬೇಡವೆಂದರೆ ನಾನು ಶಾಲೆಗೆ ಹೋದಾಗ ಮಾಡುವಳು, ಒಬ್ಬಳೇ. ಅದಕ್ಕಿಂತ ನಾನು ಎದುರಿಗೆ ನಿಂತು ಮಾಡಿಸುವುದೇ ಸರಿಯೆನಿಸಿತು. “ಚಿಗವ್ವನ ಕಥಿ ಕೇಳು, ಆಮ್ಯಾಲೆ ಬಕೆಟ್ ತಗಿ” ಎಂದೆ. ಕೇಳಿದಳು. ಮರುದಿನ ಮುಖಕ್ಕೆ ಬಿಗಿಯಾಗಿ ಕೂಡುವ ಕನ್ನಡಕ, ಮೊಣಕೈವರೆಗಿನ ರಬ್ಬರ್ ಕೈಚೀಲ ಎರಡೆರಡು ಜೊತೆ ತಂದಳು. ಒಂದು ಜೊತೆ ನನಗೆ.

ಮೊದಲು ಪರೀಕ್ಷೆ. ಎಲ್ಲ ಕೆಂಪೂ ಅನೊಡೈಸೇ ಆಗಿರಬೇಕೆಂದಿಲ್ಲ, ಬರೀ ಪೇಂಟೂ ಇರಬಹುದು. ಪೇಂಟಾದರೆ ಉಗುರಿಗೋ ಚಾಕುವಿಗೋ ಚಕ್ಕೆಯಾಗಿ ಏಳುತ್ತದೆ. ಇದು ಏಳಲಿಲ್ಲ. ಈ ಪೊರೆಯಲ್ಲಿ ವಿದ್ಯುತ್ ಕೂಡ ಹರಿಯದು. ಶಾಲೆಯ ವಿಜ್ಞಾನದ ಬಾಯಿಯವರಿಂದ ಒಂದು ಸೆಲ್ಲು, ಬಲ್ಬು, ಎರಡು ತಂತಿ ಕೇಳಿ ತಂದೆ. ತಂತಿಯ ತುದಿಗಳನ್ನು ಕೆಂಪಿಗೆ ತಾಗಿಸಿದರೆ ಬಲ್ಬು ಸುಮ್ಮನಿತ್ತು. ಉಜ್ಜಿದ ಜಾಗಕ್ಕೆ ತಾಗಿಸಿದರೆ ಹತ್ತಿತು. ಸೊಸೆ ಒಂದೊಂದೇ ಭಾಗ ನೋಡುತ್ತ ಬಂದಳು. ಸ್ಟೆಮ್ಮಿನ ಹೊಟ್ಟೆಯ ಕಡೆ ತಂತಿ ಆಡಿಸುವಾಗ ಬಲ್ಬು ಹತ್ತಿ ಆರಿ, ಮತ್ತೆ ಹತ್ತಿತು. ತಿರುಗಿಸಿ ನೋಡಿದರೆ ಅಲ್ಲಿ ಮೊಳೆಯಿಂದ ಕೊರೆದ ಎರಡು ಅಕ್ಷರ, ಬೀಗರ ಹೆಸರಿನ ಮೊದಲಕ್ಷರ ಮತ್ತು ಮನೆತನದ ಮೊದಲಕ್ಷರ. ಕಳುವಾದರೆ ಗುರುತಿರಲೆಂದು ಕೊರೆದಿರಬೇಕು. ಅವಳು ಅದನ್ನು ಮೊದಲು ಕಂಡಿರಲಿಲ್ಲ. ಏನೂ ಅನ್ನಲಿಲ್ಲ. ಬಲ್ಬಿನ ತಂತಿ ಸುತ್ತಿಟ್ಟಳು.

ಮುಂದಿನ ರವಿವಾರ ಹಿತ್ತಲಿನ ನಲ್ಲಿಯ ಹತ್ತಿರ ಕೆಲಸ. ಬಯಲಿನಲ್ಲೇ ಮಾಡಬೇಕು, ಯಾಕೆಂದರೆ ಕಾಸ್ಟಿಕ್ ಅಲ್ಯುಮಿನಿಯಂ ಅನ್ನು ತಿನ್ನುವಾಗ ಹೈಡ್ರೋಜನ್ ಏಳುತ್ತದೆ. ಅದು ಬೆಂಕಿಗೆ ಹತ್ತುವ ಗಾಳಿ. ಜೊತೆಗೆ ಏಳುವ ಹನಿ ಗಂಟಲು ಕೆರೆಯುತ್ತದೆ. ಪಕ್ಕದಲ್ಲಿ ಒಲೆಯಿರಬಾರದು, ದೇವರ ದೀಪವೂ ಇರಬಾರದು. ಪ್ಲಾಸ್ಟಿಕ್ ಬಕೆಟ್ಟೇ ಬೇಕು. ಅಲ್ಯುಮಿನಿಯಂ ಪಾತ್ರೆಯಲ್ಲಿ ಕಲಸಿದರೆ ಪಾತ್ರೆಯನ್ನೇ ಅದು ಉಂಡುಬಿಡುತ್ತದೆ. ಎರಡು ಲೀಟರು ತಣ್ಣೀರಿಗೆ 60 ಗ್ರಾಂ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕೋಲಿನಿಂದ ಕದಡಿದಳು. ನೀರು ತಾನೇ ಬೆಚ್ಚಗಾಯಿತು. ನಾನು ನಲ್ಲಿಗೆ ಪೈಪು ಸಿಕ್ಕಿಸಿ, ನೀರು ಬಿಟ್ಟುಕೊಂಡೇ ನಿಂತೆ. ಮೈಗೆ ಸಿಡಿದರೆ ಕಾಲು ತಾಸಿಗೆ ಕಡಿಮೆಯಿಲ್ಲದೆ ನೀರು, ಕಣ್ಣಿಗಾದರೆ ನೀರು ಬಿಡುತ್ತಲೇ ಆಸ್ಪತ್ರೆಗೆ. ಹುಳಿ, ಬೆಣ್ಣೆ, ಏನೂ ಬೇಡ. ನಮ್ಮ ಮನೆಯಲ್ಲಿ ಇದನ್ನು ಐವತ್ತು ವರ್ಷ ತಡವಾಗಿ ಕಲಿತೆವು.

ಮೊದಲು ಹೋದದ್ದು ಬಾಟ್ಲಿಯ ಗೂಡು, ಕೆಟ್ಟರೂ ಚಿಂತೆಯಿಲ್ಲವೆಂದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಂಪು ಹೊಗೆಯಂತೆ ಬಿಟ್ಟುಕೊಂಡಿತು. ಪೊರೆ ಕರಗುವಾಗ ಗುಳ್ಳೆ ಬರುವುದಿಲ್ಲ, ಪೊರೆ ಮುಗಿದು ಲೋಹ ಸಿಕ್ಕಾಗಲೇ ಬರುತ್ತದೆ. ಇಡೀ ಕೆಲಸದ ಮರ್ಮ ಇಷ್ಟೇ. ಗುಳ್ಳೆ ಜೋರಾಗಿ ಎದ್ದಿತೆಂದರೆ ಸೋಡಾ ಈಗ ನಮಗೆ ಬೇಕಾದ್ದನ್ನೇ ತಿನ್ನುತ್ತಿದೆ ಎಂದರ್ಥ. ಅದಕ್ಕೆ ಪೊರೆ ಯಾವುದು, ಲೋಹ ಯಾವುದು ಎಂಬ ಭೇದವಿಲ್ಲ. ಫೋನು ಬಂತೆಂದು ಒಳಗೆ ಹೋಗಿ ಬಂದರೆ ಮರೆಯ (ಸ್ಕ್ರೂ ಕೂಡುವ) ಗೆರೆಗಳೆಲ್ಲ ಸವೆದಿರುತ್ತವೆ. ಹಾಲು ಉಕ್ಕುವುದನ್ನು ಕಾಯುವವರಿಗೆ ಈ ಕೆಲಸ ಬರುತ್ತದೆ ಎಂದೆ ನಾನು. ಗುಳ್ಳೆ ಕಂಡೊಡನೆ ಅವಳು ಕಡ್ಡಿಯಿಂದ ಎತ್ತಿದಳು, ನಾನು ನೀರು ಬಿಟ್ಟೆ.

ಕೈಗೆ ಬಂದದ್ದು ಬೆಳ್ಳಿಯಲ್ಲ, ಮಸಿ! ಅಲ್ಯುಮಿನಿಯಂ ಜೊತೆ ಬೆರೆಸಿದ ತಾಮ್ರ, ಸಿಲಿಕಾನ್ ಮೊದಲಾದವನ್ನು ಸೋಡಾ ಕರಗಿಸದೆ ಮೇಲೆ ಬಿಟ್ಟುಹೋಗುತ್ತದೆ. ಕಾರ್ಖಾನೆಯಲ್ಲಿ ಅದನ್ನು ನೈಟ್ರಿಕ್ ಆಮ್ಲದಲ್ಲಿ ತೊಳೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬು ಮತ್ತು ನನ್ನ ರಟ್ಟೆ. ಆಮೇಲೆ 400, 600, 1000, 2000 ನಂಬರಿನ ಕಾಗದಗಳಿಂದ ನೀರು ಹಚ್ಚಿ ಹಚ್ಚಿ ಉಜ್ಜುವುದು, ಕೊನೆಗೆ ಬ್ರಾಸೊ. ಸೋಡಾದ್ದು ಹತ್ತು ನಿಮಿಷದ ಕೆಲಸ, ಉಜ್ಜುವುದು ನಾಲ್ಕು ಸಂಜೆಯದು. ಆ ನಾಲ್ಕು ಸಂಜೆ ಅತ್ತೆ ಸೊಸೆ ಕಟ್ಟೆಯ ಮೇಲೆ ಕೂತು ಉಜ್ಜಿದೆವು. ಅವಳು ತಂದೆಯ ಬಗ್ಗೆ ನನ್ನೆದುರು ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ಅವರು ಕೆಲಗೇರಿಯಿಂದ ಬರುವಾಗ ಮಗಳಿಗೆಂದು ಬಿಸಿ ಮಿರ್ಚಿ ಕಟ್ಟಿಸಿ ತರುತ್ತಿದ್ದದ್ದು, ಸಕ್ಕರೆ ಕಾಯಿಲೆಯವರು ದಾರಿಯಲ್ಲೇ ಪೇಡೆ ತಿಂದು ಬರುತ್ತಿದ್ದದ್ದು, ಎಲ್ಲ.

ಉಜ್ಜುತ್ತ ನಾನೂ ಓದಿದ್ದೊಂದನ್ನು ಹೇಳಿದೆ. ಅಲ್ಯುಮಿನಿಯಂ ಅಗ್ಗವಾದದ್ದೇ ಒಂದು ಮನೆಯ ಹಿತ್ತಲಿನಲ್ಲಿ. ಅಮೆರಿಕದ ಓಹಾಯೊ ರಾಜ್ಯದ ಓಬರ್ಲಿನ್‌ನಲ್ಲಿ, 1886ರ ಫೆಬ್ರುವರಿ 23ರಂದು, ಮನೆಯ ಕಟ್ಟಿಗೆ ಕೋಣೆಯಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ವಿದ್ಯುತ್ತಿನಿಂದ ಅಲ್ಯುಮಿನಿಯಂ ತೆಗೆದ. ಅವನ ಅಕ್ಕ ಜೂಲಿಯಾ ಅದೇ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಪ್ರಯೋಗಗಳನ್ನು ಕಣ್ಣಾರೆ ನೋಡುತ್ತಿದ್ದಳು. ಅದೇ ವರ್ಷ ಫ್ರಾನ್ಸಿನ ಎರೂ ಎಂಬಾತನೂ ಅದನ್ನೇ ಕಂಡುಹಿಡಿದು ಪೇಟೆಂಟಿನ ತಕರಾರು ಎದ್ದಾಗ, ಯಾವ ದಿನ ಏನಾಯಿತೆಂಬ ಅವಳ ಬರವಣಿಗೆ ತಮ್ಮನ ನೆರವಿಗೆ ಬಂತು. ಪುಸ್ತಕಗಳಲ್ಲಿ ಹೆಸರು ಮಾತ್ರ ತಮ್ಮನದು. “ಇರೂದ ಹಂಗ ಬಿಡ್ರಿ” ಎಂದಳು ಸೊಸೆ. ನಮ್ಮಿಂದ ಎರಡು ತಾಸಿನ ಹಾದಿಯ ಬೆಳಗಾವಿಯಲ್ಲಿ ಹಿಂಡಾಲ್ಕೊದವರ ಅಲ್ಯುಮಿನಾ ಕಾರ್ಖಾನೆಯಿದೆ. ಬಾಕ್ಸೈಟ್ ಮಣ್ಣಿನಿಂದ ಅಲ್ಯುಮಿನಾ ಬೇರ್ಪಡಿಸುವುದೂ ಕಾಸ್ಟಿಕ್ ಸೋಡಾದಲ್ಲೇ. ಹುಟ್ಟಿಸುವುದಕ್ಕೂ ಅದೇ, ಸುಲಿಯುವುದಕ್ಕೂ ಅದೇ.

ಸೀಟಿನ ಕಂಬವನ್ನು ಹೊರಗೆ ಕಾಣುವಷ್ಟೇ ಅದ್ದಿದೆವು. ಫ್ರೇಮಿನೊಳಗೆ ಕೂಡುವ ಭಾಗಕ್ಕೆ ಪೊರೆಯಿರಲಿ, ಇಲ್ಲದಿದ್ದರೆ ಒಳಗೇ ಹಿಡಿದು ಕೂತೀತು ಎಂದು. ಪಟ್ಟಿಯೂ ಆಯಿತು. ಬಕೆಟ್ಟಿನ ನೀರು ಚೆಲ್ಲುವ ಹೊತ್ತಿಗೆ ನಾನು, “ಸ್ಟೆಮ್ ಎಲ್ಲಿ? ಅದೊಂದು ಉಳೀತು” ಎಂದೆ.

“ಅದು ಇರಲಿರಿ ಅತ್ತಿ.”

ಆಗ ನನಗೆ ತಿಳಿಯಿತು. ಆ ಎರಡಕ್ಷರ ಕಾಣುವುದು ಸುತ್ತ ಕೆಂಪಿದೆಯೆಂದು. ಕೆಂಪು ಸುಲಿದರೆ ಬೆಳ್ಳಿಯಲ್ಲಿ ಬೆಳ್ಳಿ, ಉಜ್ಜಿದರೆ ಗೀರೂ ಮಾಯ. ನಾನು ಬಕೆಟ್ಟಿಗೆ ಇನ್ನಷ್ಟು ನೀರು ತುಂಬಿ, ತೆಳ್ಳಗೆ ಮಾಡಿ, ಗಿಡಗಳ ಬುಡ ಬಿಟ್ಟು ಮೋರಿಗೆ ಚೆಲ್ಲಿದೆ.

ಈಗ ಅವಳು ದಿನಾ ಅದರ ಮೇಲೆ ಹೋಗುತ್ತಾಳೆ. ಪೊರೆ ತೆಗೆದ ಅಲ್ಯುಮಿನಿಯಂ ಬಹಳ ದಿನ ಹೊಳೆಯದು. ಧಾರವಾಡದ ಮಳೆಗಂತೂ ತಿಂಗಳೊಪ್ಪತ್ತಿನಲ್ಲಿ ಮಂಕಾಗುತ್ತದೆ. ಅಮಾವಾಸ್ಯೆಯ ಹಿಂದಿನ ದಿನ ನಾನು ದೇವರ ಸಾಮಾನು ಬೆಳಗಲು ಕೂತರೆ, ಅವಳು ಬ್ರಾಸೊ ಡಬ್ಬಿ ತಂದು ಸೈಕಲ್ಲಿನ ಪಕ್ಕ ಕೂಡುತ್ತಾಳೆ. ಸ್ಟೆಮ್ಮಿಗೆ ಮಾತ್ರ ಒದ್ದೆ ಬಟ್ಟೆ.