ಕೊಂಬಿಲ್ಲದ ಕೊಂಡುಕುರಿ

ನಮ್ಮೂರು ಗೋವಿನಕೋವಿಯಿಂದ ಜಗಳೂರಿಗೆ ಹೊರಟಾಗ ಮೊಮ್ಮಗಳ ಕೈಯಲ್ಲಿ ನನ್ನ ಮೊಬೈಲು. ಹೊನ್ನಾಳಿಯ ತುಂಗಭದ್ರೆ, ಭತ್ತದ ಗದ್ದೆ, ಬೆಳ್ಳಕ್ಕಿ, ಎಲ್ಲಾ ಫೋಟೊ ಆದವು. ದಾವಣಗೆರೆ ದಾಟಿದ ಮೇಲೆ ಬರೀ ಬಿಸಿಲು, ಜಾಲಿ, ಕುರುಚಲು ಗುಡ್ಡ.

“ಇಲ್ಲಿ ತೆಗೆಯೋಕೆ ಏನೂ ಇಲ್ಲಜ್ಜ.”

“ತಡಿಯವ್ವ, ಮುಂದೆ ರಂಗಯ್ಯನದುರ್ಗ. 2011ರಿಂದ ಕೊಂಡುಕುರಿಗಳ ಅಭಯಾರಣ್ಯ. ಅದಕ್ಕೆ ನಾಲ್ಕು ಕೊಂಬು!”

ಸಂಜೆ ರಸ್ತೆಯಿಂದ ಆಚೆ, ನೀರಿನ ಗುಂಡಿಯ ಹತ್ತಿರ ಏನೋ ಅಲುಗಿತು. ನನ್ನ ಕಣ್ಣಿಗೆ ಪೊರೆ. ಕಂಡದ್ದು ಕಂದು ಮಸುಕು ಮಾತ್ರ. ಫೋಟೊದಲ್ಲಾದರೂ ನೋಡುವ ಆಸೆ.

“ಹತ್ತಿರ ಹೋಗಿ ತೆಗೀಲಾ ಅಜ್ಜ?”

ಕೊಂಡುಕುರಿಗೆ ದಿನವೂ ನೀರು ಬೇಕು. ಬೆದರಿದರೆ ಬಾಯಾರಿಕೊಂಡೇ ಓಡುತ್ತದೆ.

“ಬೇಡ, ಕುಡೀಲಿ.”

ಅವಳು ಮೊಬೈಲು ಇಳಿಸಿ, ಪಿಸುದನಿಯಲ್ಲಿ ಹೇಳಿದಳು: “ಕೊಂಬೇ ಇಲ್ಲವಲ್ಲ!”

“ಹಾಗಾದರೆ ಹೆಣ್ಣು. ಕೊಂಬು ಗಂಡಿಗೆ ಮಾತ್ರ. ಕಿವಿ ಹೆಂಗೈತೆ, ಹೇಳು?”